ಷರಾ ಕಾಲಮ್ಮಿನಲ್ಲಿ ನಮ್ಮ ಭಾವ

ನಮ್ಮ ಭಾವ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನುಗ್ಗುವುದು ಅಡುಗೆಮನೆಗೆ. ಬಾಣಲೆಯಲ್ಲಿರುವ ಎಣ್ಣೆಯನ್ನು ಮೂಸಿ, ಇದು ನಾಲ್ಕನೇ ಸಲ ಕಾದದ್ದು ಎಂದು ತೀರ್ಪು ಕೊಟ್ಟು, ಆಮೇಲೆ ಕೈ ತೊಳೆಯುತ್ತಾರೆ. ಅದಕ್ಕೇ ನಮ್ಮಕ್ಕ ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಈಚೆಗೆ ಕರೆಯುವವರೂ ಕಡಿಮೆಯಾಗಿದ್ದಾರೆ.

ಚಾಳಿ ಅನ್ನಬೇಡಿ, ಅದು ಅವರ ಕಸುಬು. ಹೋಟೆಲು, ಹಾಸ್ಟೆಲು, ಬೇಕರಿ, ಆಸ್ಪತ್ರೆಯ ಕ್ಯಾಂಟೀನು ಅಂತ ಇಪ್ಪತ್ತೆರಡು ಅಡುಗೆಮನೆಗಳಿಂದ ಕರಿದು ಬಿಟ್ಟ ಎಣ್ಣೆಯನ್ನು ಮೂರು ಚಕ್ರದ ಗಾಡಿಯಲ್ಲಿ ತುಂಬಿಸಿ, ಅದರಿಂದ ಡೀಸೆಲ್ ತೆಗೆಯುವ ಕಾರ್ಖಾನೆಗೆ ಹಾಕುತ್ತಾರೆ. ಉಳಿದವರೆಲ್ಲ ತಂದದ್ದನ್ನು ತಂದ ಹಾಗೆ ಸುರಿದು ಹೋಗುತ್ತಾರೆ. ಭಾವನಿಗೆ ಅಷ್ಟು ಸಾಲದು. ಹಿತ್ತಲಲ್ಲಿ ಎರಡು ದಿನ ಇಟ್ಟು, ಗಸಿ ಇಳಿಸಿ, ದಿಂಬಿನ ಚೀಲದಲ್ಲಿ ಸೋಸಿ, ಆಮೇಲೆ ತರುತ್ತಾರೆ. ಅಕ್ಕನ ಮನೆಯ ದಿಂಬುಗಳೆಲ್ಲ ಬತ್ತಲೆ ಮಲಗಿರುತ್ತವೆ.

ಸಾಲದ್ದಕ್ಕೆ ಅಡುಗೆಯವರಿಗೆ ಉಪದೇಶ ಬೇರೆ. ಎಣ್ಣೆ ಕಪ್ಪಾಗಿದ್ದರೆ ಡಬ್ಬ ಎತ್ತುವ ಮುಂಚೆ ಕಾಲು ಗಂಟೆ ಬೈಗುಳ. ಜನರ ಹೊಟ್ಟೆಗೆ ಟಾರು ಹಾಕುತ್ತೀರಾ ಎಂದು ಕೇಳುತ್ತಾರೆ. ಬೈಸಿಕೊಂಡು ಬೈಸಿಕೊಂಡು ಅವರೆಲ್ಲ ಮೂರು ಸಲ ಕರಿದ ಮೇಲೆ ಎಣ್ಣೆ ಬದಲಿಸುವುದನ್ನು ಕಲಿತುಬಿಟ್ಟರು. ಭಾವನ ಬಾಯಿಗಿಂತ ಹೊಸ ಎಣ್ಣೆಯೇ ಅಗ್ಗ ಅನ್ನಿಸಿರಬೇಕು.

ಆ ಕಾರ್ಖಾನೆಯ ಗೇಟಿನಲ್ಲಿ ತೂಕ ಹಾಕುವವನು ನಾನೇ. ಡಬ್ಬದೊಳಗೆ ಗಾಜಿನ ಕೊಳವೆ ಅದ್ದಿ, ಬಣ್ಣ ನೋಡಿ, ತಾರೀಖು, ಯಾವ ಅಡುಗೆಮನೆಯ ಡಬ್ಬ, ಕಪ್ಪೋ ಕಂದೋ ತಿಳಿಯೋ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಯಲ್ಲಿ ಷರಾ ಅಂತ ಒಂದು ಕಾಲಂ ಇದೆ. ಅದರಲ್ಲಿ ಯಾರೂ ಏನೂ ಬರೆಯುವುದಿಲ್ಲ. ಒಂದು ಬೆಳಿಗ್ಗೆ ಭಾವ ತಮ್ಮ ಡಬ್ಬವನ್ನು ಬಿಸಿಲಿಗೆ ಹಿಡಿದು, ಮದುವೆಗೆ ಹೊರಟ ಮಗಳನ್ನು ನೋಡುವಂತೆ ನೋಡುತ್ತ ನಿಂತಿದ್ದರು. ನನಗೆ ತಮಾಷೆ ಹತ್ತಿತು. ಷರಾದಲ್ಲಿ "ಹೊಸ ಎಣ್ಣೆಯನ್ನೂ ನಾಚಿಸುವಂತಿದೆ" ಎಂದು ಗೀಚಿ ಅವರಿಗೆ ತೋರಿಸಿದೆ. ಭಾವ ಎರಡು ಸಲ ಓದಿಕೊಂಡು, ಖಾಲಿ ಡಬ್ಬ ಎತ್ತಿಕೊಂಡು ಹೋದರು.

ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಈ ಡೀಸೆಲು ಬಿಸಾಡುವ ಎಣ್ಣೆಯಿಂದಲೇ ಆದದ್ದು ಎಂಬ ಸರ್ಟಿಫಿಕೇಟು ಕಾರ್ಖಾನೆಗೆ ವರ್ಷವರ್ಷ ಬೇಕು. ಹೊಸ ತಾಳೆ ಎಣ್ಣೆಯನ್ನೇ ಹಳೆಯದೆಂದು ದಾಟಿಸುವ ಖದೀಮರಿದ್ದಾರೆ. ಆ ತಾಳೆ ಬೆಳೆಯಲು ಎಲ್ಲೋ ಕಾಡು ಕಡಿದಿರುತ್ತಾರೆ. ಕಾಡು ಕಡಿದು ಹೊಗೆ ಕಡಿಮೆ ಮಾಡುವುದು ಯಾವ ಪುರುಷಾರ್ಥಕ್ಕೆ? ಹಾಗಾಗಿ ಸರ್ಟಿಫಿಕೇಟಿಗೆ ಲೆಕ್ಕ ನೋಡುವ ಆಡಿಟರ್ ಮೇಡಂ ಬಂದಾಗ ನನ್ನ ಷರಾದ ಕೆಳಗೆ ಕೆಂಪು ಗೆರೆ ಬಿತ್ತು. ಇದನ್ನು ಬರೆದವರು ಯಾರು ಅಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಂಡೆ.

ವಿಚಾರಣೆ ಮುಗಿಯುವವರೆಗೆ ಮ್ಯಾನೇಜರು ಭಾವನ ಕಾರ್ಡನ್ನು ತಮ್ಮ ಮೇಜಿನೊಳಗೆ ಇಟ್ಟುಕೊಂಡರು. ಆ ಕಾರ್ಡು ಇಲ್ಲದವರ ಎಣ್ಣೆಯನ್ನು ಯಾವ ಕಾರ್ಖಾನೆಯೂ ಮುಟ್ಟುವುದಿಲ್ಲ. ಭಾವನಿಗೆ ಐವತ್ತಾರು, ಬೇರೆ ಕಸುಬು ಗೊತ್ತಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ಅಕ್ಕ ಅಂದಳು. ನನಗೆ ಅನ್ನ ಸೇರುತ್ತಿರಲಿಲ್ಲ. ಹುಡುಗಾಟ ಮಾಡುವುದಕ್ಕೂ ಒಂದು ಜಾಗ ಬೇಡವೇ?

ಮರುವಾರ ಮೇಡಂ ಅಡುಗೆಮನೆಗಳನ್ನೇ ನೋಡಲು ಹೊರಟರು. ಜೊತೆಗೆ ಭಾವ, ಹಿಂದೆ ರಿಜಿಸ್ಟರು ಹೊತ್ತುಕೊಂಡು ಅಪರಾಧಿಯಾದ ನಾನು. ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಭಾವನನ್ನು ಉಳಿಸಬೇಕೆಂದು ಎಲ್ಲರೂ ಪಣ ತೊಟ್ಟು, ಒಬ್ಬರಿಗಿಂತ ಒಬ್ಬರು ದೊಡ್ಡ ಸುಳ್ಳು ಸಿದ್ಧ ಮಾಡಿಟ್ಟಿದ್ದರು. ಬೇಕರಿಯವನು ತಾನು ಎಂಟು ಸಲ ಕರಿಯುತ್ತೇನೆಂದ. ಹಾಸ್ಟೆಲಿನ ಅಡುಗೆಯವನು ಹತ್ತಕ್ಕೆ ಏರಿಸಿದ. ಭಾವ ಎರಡು ಕಡೆಯೂ ಹಲ್ಲು ಕಚ್ಚಿಕೊಂಡು ನಿಂತಿದ್ದರು. ಮೂರನೆಯದು ಆಸ್ಪತ್ರೆಯ ಕ್ಯಾಂಟೀನು. ಅಲ್ಲಿನ ಅಡುಗೆಯಾಕೆ ಸೊಂಟಕ್ಕೆ ಕೈಯಿಟ್ಟು, ಎಣ್ಣೆ ಟಾರಾಗುವವರೆಗೆ ತಾನು ಬಾಣಲೆ ಇಳಿಸುವುದೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿದಳು.

ಮೇಡಂ ಬರೆದುಕೊಂಡರು. ಬಳಸಿ ಬಳಸಿ ಕೆಟ್ಟ ಎಣ್ಣೆ, ಸೋಸಿದ್ದಕ್ಕೆ ತಿಳಿಯಾಗಿದೆ, ಅಲ್ಲಿಗೆ ಲೆಕ್ಕ ಸರಿಹೋಯಿತು ಅಂದರು. ಇನ್ನೊಂದು ಸಹಿ ಬಿದ್ದರೆ ಕಾರ್ಡು ಭಾವನ ಕೈಗೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರನ್ನು ಕೇಳಿದ್ದೇನೆ. ನಮ್ಮ ಭಾವ ಬಾಯಿ ತೆರೆದರು.

"ಸುಳ್ಳು, ಮೇಡಂ. ಇಲ್ಲಿ ಮೂರೇ ಸಲ. ನಾಲ್ಕನೇ ಸಲ ಕರಿಯೋಕೆ ನಾನು ಬಿಡಲ್ಲ."

ಮೇಡಂ ಪೆನ್ನಿನ ಕ್ಯಾಪು ಹಾಕಿದರು. "ಮೂರೇ ಸಲಕ್ಕೆ ಬಿಟ್ಟಿದ್ದನ್ನ ಬಿಸಾಡೋ ಎಣ್ಣೆ ಅಂತ ನಾನು ಹೇಗೆ ಬರೀಲಿ? ನೀವು ಸುಮ್ನೆ ಇದ್ದಿದ್ರೆ ಕಾರ್ಡು ಸಿಕ್ತಿತ್ತು."

"ಸಿಕ್ತಿತ್ತು. ರೋಗಿಗಳಿಗೆ ಸುಟ್ಟೆಣ್ಣೆ ತಿನ್ನಿಸ್ತಾಳೆ ಅಂತ ನಿಮ್ಮ ಕಾಗದದಲ್ಲಿ ಉಳಿದುಹೋಗ್ತಿತ್ತಲ್ಲ. ಇವಳ ಒಲೆ ಆರಿಸಿ ನಾನು ಕಾರ್ಡು ಇಟ್ಕೊಂಡು ಏನು ಮಾಡ್ಲಿ?"

ಅಡುಗೆಯಾಕೆಗೆ ಸಿಟ್ಟು ಬಂತು. ಇಂಥವರಿಗೆ ಉಪಕಾರ ಮಾಡಲು ಹೊರಟ ತನಗೇ ಬುದ್ಧಿಯಿಲ್ಲ ಎಂದು ಬೈದುಕೊಳ್ಳುತ್ತ, ಒಲೆಯ ಪಕ್ಕದ ತಟ್ಟೆಗಳ ಸ್ಟ್ಯಾಂಡನ್ನು ದಡಬಡ ಸರಿಸಿದಳು. ಹಿಂದಿನ ಗೋಡೆಯ ತುಂಬ ಇದ್ದಿಲಿನ ಗೆರೆಗಳು. ಕರಿದ ಸಲಕ್ಕೊಂದರಂತೆ ಮೂರು ಗೆರೆ, ಎಣ್ಣೆ ಬಿಟ್ಟಾಗ ಅಡ್ಡ ಒಂದು ಕಾಟು, ಪಕ್ಕದಲ್ಲಿ ತಾರೀಖು, ಅದರ ಕೆಳಗೆ ಪರೀಕ್ಷೆ ತಿದ್ದಿದ ಮೇಷ್ಟರ ಹಾಗೆ ಭಾವನ ಸಹಿ. ಮೂರು ವರ್ಷದ್ದು ಇತ್ತು. ಸುಣ್ಣ ಬಳಿಯಲೂ ಇವರು ಬಿಡುವುದಿಲ್ಲ ಎಂದು ಆಕೆ ದೂರಿದಳು.

ಮೇಡಂ ಗೋಡೆಯ ಹತ್ತಿರ ಹೋದರು. ನನ್ನ ರಿಜಿಸ್ಟರು ಇಸಿದುಕೊಂಡು ಒಂದೊಂದು ಕಾಟಿಗೂ ಒಂದೊಂದು ಡಬ್ಬವನ್ನು ಹೊಂದಿಸಿ ನೋಡಿದರು. ಎಲ್ಲ ಹೊಂದಿಕೊಂಡವು. ಆಮೇಲೆ ಬೇಕರಿಗೂ ಹಾಸ್ಟೆಲಿಗೂ ವಾಪಸು ಕರೆದುಕೊಂಡು ಹೋಗಿ, ಗೋಡೆ ತೋರಿಸಿ ಅಂದರು. ಸುಳ್ಳು ಹೇಳಿದ್ದ ಇಬ್ಬರೂ ನಾಚಿಕೊಂಡು ತೋರಿಸಿದರು. ಅಡುಗೆಮನೆ ತನ್ನದೇ ನಿಯಮದಂತೆ ಎಣ್ಣೆ ಬಿಟ್ಟದ್ದಕ್ಕೆ ದಾಖಲೆಯಿದ್ದರೆ, ಅದು ಎಷ್ಟೇ ತಿಳಿಯಾಗಿದ್ದರೂ ಬಿಸಾಡುವ ಎಣ್ಣೆಯೇ, ಎಂದು ಮೇಡಂ ವಿವರಿಸಿದರು. ಗೋಡೆಗಳ ಫೋಟೋ ತೆಗೆದುಕೊಂಡರು. ಸಂಜೆ ಮ್ಯಾನೇಜರು ಕಾರ್ಡು ವಾಪಸು ಕೊಟ್ಟರು.

ಮನೆಗೆ ಹೊರಟಾಗ ಗಾಡಿಯಲ್ಲಿ ಭಾವನ ಪಕ್ಕ ಕೂತೆ. ಇಷ್ಟು ದಿನ ಬಾಕಿ ಉಳಿದಿದ್ದ ಪ್ರಶ್ನೆಯನ್ನು ಕೇಳಿದೆ. ಮೊದಲ ದಿನವೇ ಮೇಡಂಗೆ, ಇದು ನನ್ನ ಭಾವಮೈದುನನ ತಮಾಷೆ ಅಂತ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವಲ್ಲ, ಯಾಕೆ ಹೇಳಲಿಲ್ಲ?

ಭಾವ ಗಾಡಿಯ ವೇಗ ತಗ್ಗಿಸಿ ನನ್ನ ಮುಖ ನೋಡಿದರು.

"ತಮಾಷೆನಾ? ಇಪ್ಪತ್ತು ವರ್ಷದಲ್ಲಿ ನನ್ನ ಎಣ್ಣೆ ಚೆನ್ನಾಗಿದೆ ಅಂತ ಬರೆದವನು ನೀನೊಬ್ನೇ ಕಣೋ."

ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಕೊನೆಗೆ, ನಿಜವಾಗಿ ಚೆನ್ನಾಗಿತ್ತು ಭಾವ, ಅದಕ್ಕೇ ಬರೆದೆ ಅಂದೆ. ಅವರು ತಲೆಯಾಡಿಸಿ ಗಾಡಿ ಮುಂದಕ್ಕೆ ಬಿಟ್ಟರು.