ಪಚ್ಚ ಅಂದರೆ ಯಾವ ಬಣ್ಣ

ನನ್ನ ಗಂಡನಿಗೆ ಅವರಪ್ಪನ ಮುಖ ನೆನಪಿಲ್ಲ. ಗೋಡೆಯ ಮೇಲೆ ಫೋಟೋ ಇದೆ, ನಿಜ. ಆದರೆ ಫೋಟೋ ನೋಡಿ ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ. ಅವನ ಬಳಿ ನೆನಪೆಂದು ಇರುವುದು ಒಂದೇ. ಕಾರಿನ ಬಾನೆಟ್ ತೆರೆದಿದೆ, ಹಿಂದಿನಿಂದ ಎರಡು ಕೈಗಳು ಅವನನ್ನು ಕಂಕುಳಲ್ಲಿ ಹಿಡಿದು ಎತ್ತಿವೆ, ಕೆಳಗೆ ಎಂಜಿನ್ನು ಗುಡುಗುಡು ಅನ್ನುತ್ತಿದೆ. ಬಿಸಿ ಎಣ್ಣೆಯ ವಾಸನೆ. ಆ ಎಂಜಿನ್ನಿನ ಬಣ್ಣ ಯಾವುದು ಎಂದರೆ ಅವನು ಕಣ್ಣು ಮುಚ್ಚಿ ಕೂತು, ಆಮೇಲೆ "ಬಣ್ಣ ನೆನಪಿಗೆ ಬತ್ತಾ ಇಲ್ಲ" ಅನ್ನುತ್ತಿದ್ದ.

ಆ ಕಾರು ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಾರ್ಪಾಲು ಹೊದ್ದು ಮಲಗಿತ್ತು. ಮಾವ ಅದನ್ನು ಬಾಡಿಗೆಗೆ ಓಡಿಸುತ್ತಿದ್ದರಂತೆ; ಹೊಸೂರು, ಕೃಷ್ಣಗಿರಿ, ಮದುವೆ ಸೀಸನ್ನಿನಲ್ಲಿ ಕರೆದ ಕಡೆಗೆಲ್ಲ. ಅವರು ತೀರಿಕೊಂಡಾಗ ನನ್ನ ಗಂಡ ಇನ್ನೂ ಶಾಲೆಗೆ ಸೇರಿರಲಿಲ್ಲ. ಆಮೇಲೆ ಆ ಕಾರಿನ ಹಿಂದಿನ ಸೀಟು ಕೋಳಿಗಳ ಪಾಲಾಯಿತು. ವಾರವಿಡೀ ಫ್ಯಾಕ್ಟರಿಯಲ್ಲಿ ಹೊಸ ಗಾಡಿಗಳ ಜೊತೆ ಏಗುವ ಮನುಷ್ಯ, ಭಾನುವಾರ ಈ ಹಳೆಯ ಗಾಡಿಯ ಕೆಳಗೆ ಹೋಗಿ ಮಲಗುತ್ತಾನಲ್ಲ ಎಂದು ನಾನು ಮೊದಮೊದಲು ರೇಗುತ್ತಿದ್ದೆ. ಅವನಿಗೆ ಬೇಕಿದ್ದದ್ದು ಕಾರಲ್ಲ ಎಂದು ನಿಧಾನವಾಗಿ ಗೊತ್ತಾಯಿತು. ಬಾನೆಟ್ ಎತ್ತಿದಾಗ ಒಳಗೆಲ್ಲ ಅಂದಿನ ಹಾಗೆಯೇ ಕಾಣಬೇಕು. ಹಾಗೆ ಕಂಡರೆ, ಹಿಂದೆ ನಿಂತು ಎತ್ತಿಕೊಂಡವರ ಮುಖವೂ ಬಂದೀತು. ಇದನ್ನು ನನ್ನ ಹತ್ತಿರ ಒಮ್ಮೆ ಹೇಳಿ, ಹೇಳಿದ್ದಕ್ಕೆ ನಾಚಿಕೊಂಡು ಎದ್ದುಹೋಗಿದ್ದ.

ಎಂಜಿನ್ ಮೇಲೆ ಎಣ್ಣೆಮಡ್ಡಿ ದಪ್ಪಗೆ ಕೂತು ಎಲ್ಲವೂ ಕರ್ರಗಾಗಿತ್ತು. ಅದನ್ನು ಇಳಿಸಿ ಕೊಟ್ಟಿದ್ದ ವರ್ಕ್‌ಶಾಪಿನವರು ಬಿಸಿ ಕಾಸ್ಟಿಕ್ ಸೋಡಾ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆದರು. ಮಡ್ಡಿಯ ಜೊತೆ ಬಣ್ಣವೂ ಹೋಗಿ, ಬರೀ ಬೂದು ಕಬ್ಬಿಣ ಮನೆಗೆ ಬಂತು. ಅವತ್ತು ಅವನು ಊಟ ಮಾಡಲಿಲ್ಲ. ಮರುದಿನ ಎಂಜಿನ್ ನಂಬರಿನ ತಗಡನ್ನು ಬಿಚ್ಚಿದರೆ, ಅದರ ಅಡಿಯಲ್ಲಿ ಉಗುರಿನಷ್ಟು ಬಣ್ಣ ಉಳಿದಿತ್ತು. ಹಸಿರು. ಕಾರು ತಯಾರಾದ ಫ್ಯಾಕ್ಟರಿಯಲ್ಲೇ ಬಣ್ಣ ಹೊಡೆದ ಮೇಲೆ ಕೂರಿಸಿದ ತಗಡಂತೆ, ಆಮೇಲೆ ಯಾರೂ ಬಿಚ್ಚಿರಲಿಲ್ಲ. ಅವನು ಓಡಿಬಂದು, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನು ಕೇಳಿದ.

"ಅಮ್ಮಾ, ಎಂಜಿನ್ ಯಾವ ಬಣ್ಣ ಇತ್ತು?"

"ಪಚ್ಚ ಕಣ್ಲಾ," ಅಂದರು ಅತ್ತೆ. "ಒಳ್ಳೆ ಪಚ್ಚ."

ನಮ್ಮಿಬ್ಬರಿಗೂ ಸಂತೋಷವೋ ಸಂತೋಷ. ಅವನು ಓದಿದ್ದು ತಮಿಳು ಶಾಲೆಯಲ್ಲಿ, ಅಲ್ಲಿ ಪಚ್ಚೈ ಅಂದರೆ ಹಸಿರು. ನಾನು ಕೆಲಸಕ್ಕೆಂದು ಹೊಸೂರಿಗೆ ಬಂದು ಇಲ್ಲೇ ಮದುವೆಯಾಗಿ ಉಳಿದ ತುಮಕೂರಿನವಳು, ನಮ್ಮಲ್ಲೂ ಪಚ್ಚೆ ಅಂದರೆ ಹಸಿರೇ. ಅತ್ತೆಯ ತವರು ಮಾತ್ರ ಆಂಧ್ರದ ಗಡಿಯಾಚೆ. ಕನ್ನಡ ಕಲಿತದ್ದು ಮದುವೆಯಾದ ಮೇಲೆ. ಲೆಕ್ಕ ಹಾಕುವುದು, ಬೈಯುವುದು, ಬಣ್ಣ ಹೇಳುವುದು ಈಗಲೂ ತೆಲುಗಿನಲ್ಲೇ.

ಬಾಗಲೂರು ರಸ್ತೆಯ ಬಣ್ಣದಂಗಡಿಯವನು ಆ ಉಗುರಿನಷ್ಟು ಹಸಿರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ತೊಟ್ಟು ನೀಲಿ, ಒಂದು ತೊಟ್ಟು ಕಪ್ಪು ಬೆರೆಸಿ, ಒಣಗಿಸಿ ನೋಡಿ, ಮತ್ತೆ ತೊಟ್ಟು ಹಾಕಿ, ಕೊನೆಗೆ ಎರಡರ ನಡುವಿನ ಗೆರೆಯೇ ಕಾಣದಂತೆ ಕೂಡಿಸಿಬಿಟ್ಟ. ಅದನ್ನು ತಗಡಿಗೆ ಬಳಿದು ತಂದು ಅತ್ತೆಯ ಮುಂದೆ ಹಿಡಿದೆವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಆಕುಪಚ್ಚ. ನಾನ್ ಹೇಳಿದ್ದು ಪಚ್ಚ."

ಆಕು ಅಂದರೆ ಎಲೆ. ಸರಿ, ಎಲೆಯ ಹಸಿರಲ್ಲ, ಬೇರೆ ಹಸಿರು ಎಂದುಕೊಂಡೆವು. ಗಿಳಿಹಸಿರು ತಂದೆವು. "ಇನ್ನೂ ಪಚ್ಚಗಿತ್ತು." ಇನ್ನಷ್ಟು ಹಸಿರಾಗಿಸಿ ತಂದೆವು. ಅತ್ತೆ ನಮ್ಮಿಬ್ಬರನ್ನೂ ಒಂದು ಥರ ನೋಡಿ, "ನಿಮಗೆ ಕಣ್ಣು ಕಾಣಿಸ್ತದಾ ಇಲ್ವಾ?" ಅಂದರು. ಅಂಗಡಿಯವನು ಕೈಮುಗಿದ. "ಇದಕ್ಕಿಂತ ಪಚ್ಚೈ ಬೇಕಂದ್ರೆ ಗಿಳೀನೇ ಅರೀಬೇಕು ಸಾರ್."

ಆ ದಿನಗಳೆಲ್ಲ ನನಗೆ ಅರೆನಿದ್ದೆಯಲ್ಲಿ ಕಳೆದ ಹಾಗೆ ನೆನಪಾಗುತ್ತವೆ. ಕಂಪನಿ ಬಸ್ಸು ಜೂಜುವಾಡಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಾಗ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದೆ, ಒಳಗೂ ಹಸಿರು. ಕಣ್ಣು ತೆರೆದರೆ ಲಾರಿಯ ಬಾಗಿಲು ಹಸಿರು, ಅಂಗಡಿಯ ಷಟರು ಹಸಿರು, ಯಾರದೋ ದುಪಟ್ಟ ಹಸಿರು. ರಜೆಯ ಬೆಳಗ್ಗೆ ಸಾನಮಾವಿನ ಕಡೆ ಹೋದರೆ ಮಂಜಿನೊಳಗಿಂದ ಕಾಡು ಒಂದೊಂದೇ ಮರವಾಗಿ ಹೊರಗೆ ಬರುತ್ತಿತ್ತು, ಪ್ರತಿ ಮರಕ್ಕೂ ತನ್ನದೇ ಹಸಿರು, ಬಿಸಿಲು ಏರಿದಂತೆ ಅದೂ ಬದಲಾಗುತ್ತಿತ್ತು. ಆನೆ ಇಳಿದಿವೆ, ಆ ಕಡೆ ಹೋಗಬೇಡಿ ಎಂದು ಯಾರೋ ಕೂಗಿದಾಗ ನಾನು ಮೊದಲು ನೋಡಿದ್ದು ತುಳಿದು ಹೋದ ರಾಗಿ ಪೈರಿನ ಬಣ್ಣವನ್ನು. ಹುಚ್ಚು ಅಂಟಿತ್ತು ನನಗೂ. ಹಿತವಾದ ಹುಚ್ಚು.

ಅವನಿಗೆ ಮಾತ್ರ ಹಿತವಿರಲಿಲ್ಲ. ಸೊರಗುತ್ತಿದ್ದ. ತಗಡಿನಡಿಯ ಹಸಿರಿಗೆ ತಾಳೆಯಾಗುವ ಬಣ್ಣ ಕೈಯಲ್ಲೇ ಇದೆ, ಅದನ್ನೇ ಹೊಡೆದು ಮುಗಿಸು ಎಂದೆ. "ಅದನ್ನ ಕಣ್ಣಾರೆ ನೋಡ್ದೋರು ಅಂತ ಉಳ್ದಿರೋದು ಅಮ್ಮ ಒಬ್ಳೇ," ಅಂದ. "ಅವಳು ಅಲ್ಲ ಅಂದ್ರೆ ಅಲ್ಲ." ತಾಯಿಯ ನೆನಪು ಮಸುಕಾಗುತ್ತಿದೆಯೇ ಎಂಬ ಹೆದರಿಕೆ ಬೇರೆ. ಅದೂ ಹೋದರೆ ಅಪ್ಪನ ಕಡೆಗೆ ದಾರಿಯೇ ಇಲ್ಲ.

ಒಂದು ಸಂಜೆ ಅತ್ತೆ ಫೋನಿನಲ್ಲಿ ತಂಗಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ನಾನು ಸೊಪ್ಪು ಸೋಸುತ್ತಾ ಕಿವಿಗೊಟ್ಟಿದ್ದೆ; ಅರ್ಧಂಬರ್ಧ ತಿಳಿಯುತ್ತದೆ. ತವರಿನಲ್ಲಿ ಯಾರಿಗೋ ಹುಷಾರಿಲ್ಲ, ಕಣ್ಣೆಲ್ಲ ಪಚ್ಚಗಾಗಿದೆ ಎಂದು ಕೇಳಿಸಿತು. ಫೋನಿಟ್ಟ ಮೇಲೆ ಕೇಳಿದೆ.

"ಅದೇನತ್ತೆ, ಕಣ್ಣು ಹಸಿರಾಗುತ್ತಾ?"

"ಹಸಿರ್ಯಾಕಾಗ್ತದೆ? ಕಾಮಾಲೆ ಕಣಮ್ಮ. ಕಣ್ಣು ಅರಿಶಿನದಂಗೆ ಆಗ್ತದಲ್ಲಾ, ಪಚ್ಚಗೆ."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ಕೊಟ್ಟಿಗೆಗೆ ಓಡಿದೆ. ಅತ್ತೆಯ ತೆಲುಗಿನಲ್ಲಿ ಪಚ್ಚ ಅಂದರೆ ಹಳದಿ ಎಂದು ನಾನು ಹೇಳಿದಾಗ ಅವನು ನಂಬಲಿಲ್ಲ. ಹಳೇ ಕಾರುಗಳ ಹುಚ್ಚಿರುವ ತನ್ನ ಗೆಳೆಯರು ಯಾರೂ ಈ ಕಾರಿಗೆ ಹಳದಿ ಎಂಜಿನ್ ಕಂಡವರಿಲ್ಲ, ತಗಡಿನಡಿಯೂ ಹಸಿರೇ ಇದೆ ಎಂದು ವಾದಿಸಿದ. ಆದರೂ ಮರುದಿನ ಒಂದು ಚಿಕ್ಕ ಡಬ್ಬಿ ಹಳದಿ ತಂದ. ಅತ್ತೆಯ ಮುಂದೆ ನೆಲದ ಮೇಲಿಟ್ಟು ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿದ.

ಅತ್ತೆ ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಮುಗುಳ್ನಗೆಯಲ್ಲ, ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂಥ ನಗು. ಇಷ್ಟು ವರ್ಷದಲ್ಲಿ ನಾನು ಅವರನ್ನು ಹಾಗೆ ಕಂಡಿರಲಿಲ್ಲ. ಅವನೂ ಕಂಡಿರಲಿಲ್ಲ, ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಾಯಿ ಬಿಟ್ಟು ಕೂತಿದ್ದ.

"ಮದ್ವೆಯಾದ ಹೊಸದು," ಅಂದರು ನಗು ಸ್ವಲ್ಪ ಇಳಿದ ಮೇಲೆ. "ನಮ್ಮೂರಿಗೆ ಹಬ್ಬಕ್ಕೆ ಹೋಗಿದ್ವಿ. ಎಂಜಿನ್ ಬಣ್ಣ ಕಿತ್ತೋಗೈತೆ, ತಂದು ಹೊಡಿತೀನಿ ಅಂತ ನಿಮ್ಮಪ್ಪ ಅಂಗಡಿಗೆ ಹೋದ್ರು. ಹಸಿರು ಅಂದ್ರೆ ಅಲ್ಲಿ ತಿಳಿಯಲ್ಲ ಅಂತ, ತಾವೇ ಬುದ್ಧಿವಂತಿಕೆ ಮಾಡಿ ಪಚ್ಚ ಕೊಡು ಅಂದವ್ರೆ. ಅವನು ಪಚ್ಚ ಕೊಟ್ಟವ್ನೆ. ಮನೆಗ್ ಬಂದು ಮುಚ್ಚಳ ತೆಗೆದ್ರೆ ಅರಿಶಿನ! ಆ ಮುಖ ನೋಡ್ಬೇಕಿತ್ತು. ನಂಗೆ ನಗು ತಡಿಯಕ್ಕಾಗ್ಲಿಲ್ಲ. ಅಲ್ಲೀಗಂಟ ನಮಗಿಬ್ರಿಗೂ ಮಾತೇ ಇರ್ಲಿಲ್ಲ ಕಣ್ಲಾ, ಅವ್ರಿಗೆ ತೆಲುಗು ಬರಲ್ಲ, ನಂಗೆ ಕನ್ನಡ ಬರಲ್ಲ. ವಾಪಸ್ ಕೊಟ್ಟು ಬತ್ತಾರೆ ಅಂದ್ಕೊಂಡೆ. ಅದನ್ನೇ ಬಳ್ದುಬುಟ್ರು."

ಮುಂದಿನ ಭಾನುವಾರ ಅವನು ಎಂಜಿನ್ನಿಗೆ ಮೊದಲು ಹಸಿರು ಹೊಡೆದ, ಅಂಗಡಿಯವನು ಕಷ್ಟಪಟ್ಟು ಕೂಡಿಸಿಕೊಟ್ಟ ಫ್ಯಾಕ್ಟರಿ ಹಸಿರು. ಒಣಗಲು ಬಿಟ್ಟ. ಆಮೇಲೆ ಅದರ ಮೇಲೆ ಹಳದಿ ಬಳಿಯತೊಡಗಿದ. ನನಗೆ ಉರಿಯಿತು. ಇಷ್ಟು ಒದ್ದಾಡಿದ ಹಸಿರು ಇನ್ನು ಯಾರ ಕಣ್ಣಿಗೆ ಬಿದ್ದೀತು ಎಂದು ಕೇಳಿದೆ.

"ಅಪ್ಪ ಹಳದಿ ಹೊಡ್ದಿದ್ದು ಇದರ ಮೇಲೆ ತಾನೇ," ಅಂದ, ಬ್ರಷ್ಷು ನಿಲ್ಲಿಸದೆ.

ಎಂಜಿನ್ ಕಾರಿನೊಳಗೆ ಕೂತ ಮೇಲೆ, ಒಂದು ಮಧ್ಯಾಹ್ನ ಅವನು ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ ಮುಂದೆ ಬಂದು ನಿಂತ. ಗುಡುಗುಡು ಸದ್ದು, ಎಣ್ಣೆಯ ವಾಸನೆ, ಹಳದಿ ಎಂಜಿನ್ನು. ಬಹಳ ಹೊತ್ತು ನಿಂತಿದ್ದ. ಬರಲಿ, ದೇವರೇ, ಬರಲಿ ಅಂದುಕೊಂಡೆ.

"ಮುಖ ಬಂತಾ?"

"ಇಲ್ಲ."

ನನಗೆ ಅಳು ಬಂತು. ಅವನು ಅಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕೂತಿದ್ದ ತಾಯಿಯನ್ನು ನೋಡಿದ.

"ಮುಖ ಬರ್ಲಿಲ್ಲ," ಅಂದ. "ಆದ್ರೆ ಡಬ್ಬಿ ತೆಗೆದಾಗ ಅಪ್ಪ ನೋಡಿದ ನಗು, ಅದನ್ನ ನಾನೂ ನೋಡ್ದೆ ಕಣೆ."