ಲೈನ್ ಹೋದಾಗ ಬಸಣ್ಣ

ಯಲಬುರ್ಗಾದ ನನ್ನ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದಕ್ಕೆ ಒಂದೇ ಕಾರಣವಿತ್ತು. ಕೊಪ್ಪಳಕ್ಕೆ ವರ್ಗ ಮಾಡಿ ಎಂದು ನಾನು ಮೇಲಿನ ಕಚೇರಿಗೆ ಬರೆದುಕೊಂಡದ್ದು ನಮ್ಮ ಸಾಹೇಬರಿಗೆ ಗೊತ್ತಾಗಬಾರದಿತ್ತು. ಇ-ಮೇಲ್‌ಗೆ ಉತ್ತರ ಬಂದರೆ ನಾನೊಬ್ಬನೇ ಓದಬೇಕಿತ್ತು.

ಮೂರು ಸಲ ನಾಳೆ ಬರುತ್ತೇನೆಂದ ಲೈನ್‌ಮನ್ ನಾಲ್ಕನೆಯ ಸಲ ನಿಜವಾಗಿಯೂ ಬಂದ. ಮೋಡೆಮ್ ಕೂರಿಸಿ, ನನ್ನ ಇ-ಮೇಲ್ ತೆರೆದುಕೊಟ್ಟು, “ಲೈನ್ ಹೋದ್ರ ನಿಮ್ಮ ಮೇಲ್ ಬ್ಯಾರೆ ಯಾರಿಗರ ಹೋಗಬೇಕಲ್ರಿ, ಯಾರದು ಹಾಕ್ಲಿ?” ಎಂದ. ನಾನು ಯೋಚಿಸುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯ ಬಸಣ್ಣನ ವಿಳಾಸವನ್ನು ತಾನೇ ಒತ್ತಿದ.

“ಊರಾಗ ಎಲ್ಲಾರಿಗೂ ಅವನದ ಹಾಕ್ತೀನ್ರಿ. ಭಾಳ ನಂಬಿಗಸ್ತ ಅದಾನ.”

ದಣಿದಿದ್ದೆ. ಹೂಂ ಎಂದೆ.

ವಾರದೊಳಗೆ ಲೈನ್ ಹೋಯಿತು. ಮರುದಿನ ಸಾಹೇಬರು ತಮ್ಮ ಕೋಣೆಗೆ ಕರೆದರು. ಅಲ್ಲಿ ಬಸಣ್ಣ ಚಹಾ ಕುಡಿಯುತ್ತ ಕೂತಿದ್ದ.

“ನಿಮ್ಮ ಮೇಲ್ ನನಗ ಬಂತ್ರಿ ಸರ. ಪ್ರಿಂಟ್ ತಗದು ತಂದ್ರ ನಿಮ್ಮ ಮನಿಗೆ ಕೀಲಿ ಹಾಕಿತ್ತು. ಸರಕಾರಿ ಕಾಗದ, ತಡ ಆಗಬಾರದಂತ ಇಲ್ಲೇ ತಂದು ಕೊಟ್ಟೀನಿ.”

ಸಾಹೇಬರು ಕನ್ನಡಕ ಏರಿಸಿ, ನನ್ನ ವರ್ಗಾವಣೆಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ ಎಂಬುದನ್ನು ನಿಧಾನವಾಗಿ ಓದಿದರು. ಆಮೇಲೆ, “ನಮ್ಮ ಕಡೆಯಿಂದ ಏನರ ಕಡಿಮಿ ಆಗಿತ್ತೇನ್ರಿ?” ಎಂದು ಕೇಳಿದರು. ಹೇಳಲು ಬಹಳ ಇತ್ತು, ಆದರೆ ಇನ್ನು ಅಲ್ಲೇ ಇರಬೇಕಿತ್ತಲ್ಲ. ಇಲ್ಲ ಸರ್ ಎಂದೆ.

ಹೊರಗೆ ಬಂದು ಕಾಗದ ಹರಿಯೋಣವೆಂದರೆ ಬಸಣ್ಣ ಅದಕ್ಕೆ ಲ್ಯಾಮಿನೇಶನ್ ಮಾಡಿದ್ದ.

“ನಿಮ್ಮಂಥೋರಿಗೆ ಹಂಗ ಕೊಡೂದು ಛಲೋ ಅನಸಲಿಲ್ರಿ” ಎಂದ. “ನೀರಾಗ ಬಿದ್ರೂ ಏನೂ ಆಗಂಗಿಲ್ಲ.”

ಲೈನ್ ಇನ್ನೂ ಬಂದಿಲ್ಲ. ಕಾಗದ ಮಾತ್ರ ಹೊಸದರಂತೆಯೇ ಇದೆ.