ಎರಡೂ ಕಿವಿ ಸರಿಯಿವೆ

ಗಾದಿಲಿಂಗಪ್ಪನ ಜೊತೆ ಮಾತಾಡಬೇಕಾದರೆ ಎದುರಿಗೇ ನಿಲ್ಲಬೇಕು, ತುಟಿ ಕಾಣಬೇಕು, ಗಂಟಲು ಗಟ್ಟಿಯಿರಬೇಕು. ಸಂಡೂರಿನ ಅವನ ಓಣಿಯಲ್ಲಿ ಗುಟ್ಟೆಂಬುದು ಇಲ್ಲದ ಮನೆ ಅದೊಂದೇ. ಹೆಂಡತಿ ಹಂಪಕ್ಕ ಉಪ್ಪು ತರಲು ಹೇಳಿದರೆ ಮೂರನೇ ಮನೆಯವರು, "ನಮಗೂ ಒಂದು ಪಾಕೀಟು ತರ್ರಿ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು?

ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಮುಕ್ಕಾಲು. ಹನ್ನೆರಡು ವರ್ಷ ಸೈನ್ಯದಲ್ಲಿ ಫಿರಂಗಿಯ ಪಕ್ಕ ನಿಂತು ಗುಂಡು ತುಂಬಿದವನು. ಒಂದು ದಿನ ಕಿವಿಯಿಂದ ರಕ್ತ ಬಂತು. ಹತ್ತಿ ತುರುಕಿಕೊಂಡು ಮರುದಿನ ಮತ್ತೆ ಅಲ್ಲೇ ನಿಂತ. ಆಸ್ಪತ್ರೆಗೆ ಹೋಗಿ ದಾಖಲೆ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಕಿವಿನೋವೆಂದು ಹೋದವನನ್ನು ಸಂಗಡಿಗರು ಮೈಗಳ್ಳನೆಂದು ಆಡಿಕೊಳ್ಳುತ್ತಿದ್ದರು. ಕೊನೆಗೆ 1999ರಲ್ಲಿ, ಕಿವಿ ಕೇಳಿಸದ ಸಿಪಾಯಿ ಬೇಡವೆಂದು ಸೈನ್ಯವೇ ಮನೆಗೆ ಕಳಿಸಿತು. ಕಳಿಸುವಾಗ ವೈದ್ಯರ ಮಂಡಳಿ ಒಂದು ಸಾಲು ಬರೆಯಿತು: ಈ ಕಿವುಡಿಗೂ ಸೇವೆಗೂ ಸಂಬಂಧವಿಲ್ಲ. ಹದಿನೈದು ವರ್ಷ ತುಂಬದ ಕಾರಣ ಸಾಮಾನ್ಯ ಪಿಂಚಣಿ ಇಲ್ಲ. ಈ ಸಾಲಿನಿಂದಾಗಿ ಅಂಗವೈಕಲ್ಯದ ಪಿಂಚಣಿಯೂ ಇಲ್ಲ.

ರೊಕ್ಕದ ಮಾತು ಅತ್ತ ಇರಲಿ. ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿದ್ದು ಆ ಸಾಲು. "ಒಂದು ರೂಪಾಯಿ ಕೊಡದಿದ್ರೂ ಬ್ಯಾಡ. ಕಿವಿ ಹೋಗಿದ್ದು ಗನ್ನಿನಿಂದ ಅಂತ ಬರದು ಕೊಡ್ಲಿ. ನಾ ಏನ್ ಹುಟ್ಟುಗಿವುಡ ಏನು?" ಎಂದು ಕಂಡಕಂಡವರಿಗೆಲ್ಲ ಕೇಳುತ್ತಿದ್ದ. ಕೇಳುವ ಜಾಗ ಬೇರೆ ಇತ್ತು, ಅದು ಭಾಳ ದೂರ ಇತ್ತು.

ಐದು ವರ್ಷ ಹಾಗೂ ಹೀಗೂ ಕಳೆದವು. ಅಷ್ಟರಲ್ಲಿ ಸಂಡೂರಿನ ಗುಡ್ಡಗಳಿಗೆ ಬೆಲೆ ಬಂತು. ಹಗಲೂ ರಾತ್ರಿ ಅದಿರಿನ ಲಾರಿ. ಒಣಹಾಕಿದ ಬಟ್ಟೆಯೆಲ್ಲ ಕೆಂಪು. ಯಶವಂತನಗರದ ಕಡೆಯ ಒಂದು ಗಣಿ ಕಂಪನಿ ಮಾಜಿ ಸೈನಿಕರನ್ನು ಗೇಟು ಕಾಯಲು ಕರೆಯಿತು. ಅಂದು ಕಂಪನಿಯ ಡಾಕ್ಟರ ಮುಂದೆ ಗೇಟಿಗೂ ಗಣಿಗೂ ಕೆಲಸ ಕೇಳಿ ಬಂದ ಮುನ್ನೂರು ಮಂದಿಯ ಸಾಲು. ಡಾಕ್ಟರು ತಲೆ ಎತ್ತದೆ ಏನೋ ಕೇಳುತ್ತಿದ್ದರು, ಮುಂದಿನವರೆಲ್ಲ "ಹೂಂ ಸಾರ್" ಎನ್ನುತ್ತಿದ್ದರು. ಗಾದಿಲಿಂಗಪ್ಪನೂ "ಹೂಂ ಸಾರ್" ಎಂದ. ಕೇಳಿದ್ದು ಕಿವಿಯ ವಿಷಯವೆಂದು ತಿಳಿದಿದ್ದು ಚೀಟಿ ಕೈಗೆ ಬಂದ ಮೇಲೆ: ಎರಡೂ ಕಿವಿ ಸರಿಯಿವೆ. ಮಗಳು ಸ್ಫೂರ್ತಿಯ ಶಾಲೆಯ ಖರ್ಚು ಕಣ್ಣ ಮುಂದಿತ್ತು. ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಸೇರಿದ.

ಸಂಬಳ ಬರತೊಡಗಿದ ಮೇಲೆ ಸೈನ್ಯದ ಆ ಸಾಲಿನ ವಿರುದ್ಧ ಅಪೀಲು ಹಾಕುವ ಧೈರ್ಯ ಬಂತು. ಹೊಸಪೇಟೆಯಲ್ಲಿ ವಿರೂಪಾಕ್ಷಪ್ಪ ಎಂಬ ಮುದುಕರಿದ್ದರು. ಸೈನ್ಯದಲ್ಲಿ ಗುಮಾಸ್ತರಾಗಿದ್ದವರು, ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತಿದ್ದರು. "ಇರೋ ಕಾಗದ ಎಲ್ಲಾ ಹಚ್ಚಪಾ, ಫೈಲು ದಪ್ಪ ಇರಬೇಕು" ಎಂದರು. ಸಿಪಾಯಿಗೆ ಇಷ್ಟು ಹುಕುಂ ಸಾಕು. ಸೈನ್ಯದಲ್ಲಿ ಕಲಿತದ್ದೇ ಅದು, ಒಂದು ಚೀಟಿಯೂ ಬಿಟ್ಟುಹೋಗಬಾರದು. ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ನಂಬರು ಹಾಕಿ, ದಾರ ಕಟ್ಟಿ ಕಳಿಸಿದ. ಅದರೊಳಗೆ ಕಂಪನಿ ಡಾಕ್ಟರ ಚೀಟಿಯೂ ಇತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ.

2007ರಲ್ಲಿ ತೀರ್ಮಾನ ಬಂತು. ವಿರೂಪಾಕ್ಷಪ್ಪ ಇಂಗ್ಲಿಷ್ ಕಾಗದ ಓದಿ, ಕನ್ನಡಕ ತೆಗೆದು, ಅವನ ಎಡಗಿವಿಗೆ ಬಾಯಿಟ್ಟು ಹೇಳಿದರು: "ಸೈನ್ಯ ಬಿಟ್ಟು ಐದು ವರ್ಷಕ್ಕ ಕಿವಿ ನೆಟ್ಟಗಿದ್ವು ಅಂತ ನೀನೇ ಕಾಗದ ಕೊಟ್ಟಿದಿ. ಆಮೇಲೆ ಮದ್ದು ಸಿಡಿಸೋ ಗಣಿಯಾಗ ದುಡಿದಿ. ಆಗಿನ ಕಿವುಡು ವಾಸಿ ಆಗೇತಿ, ಈಗಿನದು ಅಲ್ಲಿಂದನ ಬಂದೀತು ಅಂತಾರ. ವಜಾ."

"ಅದು ಸುಳ್ಳು ಚೀಟಿರಿ!"

"ಮೆಲ್ಲಕ ಮಾತಾಡಲೇ, ಕೆಲಸ ಹೋದೀತು. ಎರಡನೇ ಅಪೀಲು ಒಂದು ಉಳದೈತಿ, ಅದ ಕಡೀದು. ಪರೀಕ್ಷೆ ಮಾಡಿಲ್ಲ ಅಂತ ಡಾಕ್ಟ್ರ ಕಡೆ ಬರಸಿಕೊಂಡು ಬಾ."

ಡಾಕ್ಟರು ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿ ಕೂರಿಸಿದರು. ಒಂದು ಹಾಳೆಯಲ್ಲಿ ಬರೆದು ಅವನ ಮುಂದೆ ಹಿಡಿದರು: 'ನಿನಗೆ ಬರೆದುಕೊಟ್ಟರೆ ನಿನ್ನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಆ ದಿನ ಸಾಲಿನಲ್ಲಿದ್ದ ಮುನ್ನೂರು ಮಂದಿಯದೂ ಹೋಗುತ್ತದೆ.' ಅವನು ಓದಿ ಮುಗಿಸಿದ ಮೇಲೆ ಆ ಹಾಳೆಯನ್ನೂ ವಾಪಸು ಇಸಿದುಕೊಂಡು ಹರಿದರು. ಗಾದಿಲಿಂಗಪ್ಪ ಎದ್ದು ಬಂದ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಆದರೂ ಅಪೀಲು ಹಾಕಿದ. ಡಾಕ್ಟರ ಹೆಸರು ತರದೆ, ಹೊಟ್ಟೆಪಾಡಿಗಾಗಿ ತಾನೇ ಸುಳ್ಳು ಹೇಳಿದೆನೆಂದು ಬರೆಸಿ ರುಜು ಮಾಡಿದ. ಆವತ್ತಿನಿಂದ ಗಣಿಯ ಗೇಟಿಗೆ ಮ್ಯಾನೇಜರ ಜೀಪು ಬಂದಾಗಲೆಲ್ಲ ಸೆಲ್ಯೂಟು ಹೊಡೆದು ಅವರ ಮುಖವನ್ನೇ ನೋಡುತ್ತಿದ್ದ. ಆ ತಪ್ಪೊಪ್ಪಿಗೆ ಕಂಪನಿಗೆ ತಿಳಿದರೆ? ಹಂಪಕ್ಕ ದಿನಾ ಬೈದಳು. ಓಣಿಯಲ್ಲಿ ಅರ್ಧದಷ್ಟು ಮಂದಿ ಕಂಪನಿಯವರೇ ಆದ್ದರಿಂದ ಆ ಬೈಗುಳವನ್ನೂ ಗಟ್ಟಿಯಾಗಿ ಬೈಯುವಂತಿರಲಿಲ್ಲ. ಪಾಪ, ಬೈದದ್ದು ಅವನಿಗೆ ಕೇಳಿಸಲೂ ಇಲ್ಲ.

ಒಂದೂವರೆ ವರ್ಷದ ಮೇಲೆ ಲಕೋಟೆ ಬಂತು. ವಿರೂಪಾಕ್ಷಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಪಿಯುಸಿ ಓದುತ್ತಿದ್ದ ಸ್ಫೂರ್ತಿ ಹೊಸ್ತಿಲಲ್ಲಿ ನಿಂತು ಓದಿದಳು. ಅಲ್ಲಿದ್ದದ್ದು ನಾಲ್ಕೇ ಸಾಲು. ಅರ್ಜಿದಾರನು ನೌಕರಿಗಾಗಿ ಸುಳ್ಳು ಹೇಳಿರುವುದಾಗಿ ಸ್ವತಃ ಒಪ್ಪಿದ್ದಾನೆ. ಅಂಥವನ ಮಾತನ್ನು ನಂಬಲಾಗದು. ಅಪೀಲು ವಜಾ. ಇದು ಅಂತಿಮ.

ಅಪ್ಪ ನೆಲದ ಮೇಲೆ ಕೂತು ಕತ್ತು ಎತ್ತಿ ನೋಡುತ್ತಿದ್ದ. "ಏನಂತವಾ?"

ಅವಳು ನೋಟ್‌ಬುಕ್ ತೆಗೆದಳು. ಕಾಗದವನ್ನು ಮಡಚಿ ಲಕೋಟೆಗೆ ಸೇರಿಸಿದಳು. ಆಮೇಲೆ ಬರೆದಳು: 'ಇನ್ನೂ ನೋಡ್ತಾ ಇದಾರಂತಪ್ಪಾ. ಟೈಮ್ ಬೇಕಂತ.'

ಗಾದಿಲಿಂಗಪ್ಪ ಹಾಳೆಯನ್ನು ಒಂದು ಗಳಿಗೆ ನೋಡಿದ, ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಕಿವಿ ಹೋದ ಮೇಲೆ ಅವನು ಬದುಕಿದ್ದೇ ಮಂದಿಯ ಮುಖ ಓದಿಕೊಂಡು.

"ಹಂಗೇನು? ನೋಡ್ಲಿ ತಗೋ," ಎಂದ. "ದೊಡ್ಡ ಆಫೀಸು. ಜಲ್ದಿ ಆಗೋ ಕೆಲಸ ಅಲ್ಲದು."

ಸಂಜೆ ಕಟ್ಟೆಯ ಮೇಲೆ ಕೂತು, ಪಿಂಚಣಿಯ ಕೇಸು ಇನ್ನೂ ನಡೆದಿದೆ ಎಂದು ಓಣಿಗೆಲ್ಲ ಕೂಗಿ ಹೇಳಿದ. ಒಳಗಿದ್ದ ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಅವಳು ಬರೆದದ್ದನ್ನು ತಾನು ನಂಬಿದ್ದೇನೆಂದು ಅವಳು ನಂಬಬೇಕಿತ್ತು. ಅದೊಂದು ಮಾತ್ರ ಅವನ ಕೈಯಲ್ಲಿ ಉಳಿದಿತ್ತು.